ಬೆಂಗಳೂರಿನಿಂದ ಒಂದು ದಿನದ ಜಲಪಾತ ಚಾರಣ: ವಾಪಸ್ ಹೊರಡುವ ಹೊತ್ತಿನಿಂದ ಲೆಕ್ಕ ಶುರು ಮಾಡಿ

ಶುಕ್ರವಾರ ರಾತ್ರಿ ಹತ್ತು ಗಂಟೆಗೆ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ರೀಲ್ ಹಾಕುತ್ತಾರೆ. ಕರಿ ಬಂಡೆ, ಮೇಲಿಂದ ಹಾಲು ಸುರಿದ ಹಾಗೆ ನೀರು. "ನಾಳೆ ಹೋಗೋಣ್ವಾ?" ಎಂಟು ಜನ ಸರಿ ಅಂತಾರೆ. ಐದು ಗಂಟೆಗೆ ಅಂತ ಮಾತಾಗಿ ಏಳೂವರೆಗೆ ಹೊರಟು, ಹೆಬ್ಬಾಳದಲ್ಲಿ ಸಿಕ್ಕಿಕೊಂಡು, ದಾರಿಯಲ್ಲಿ ತಿಂಡಿ ಮುಗಿಸಿ, ಜಾಗ ಹುಡುಕಿ ತಲುಪುವಷ್ಟರಲ್ಲಿ ಮಧ್ಯಾಹ್ನ. ಅಲ್ಲಿ ನೀರೇ ಇರುವುದಿಲ್ಲ. ಇಲ್ಲಾ, ಇರಬಾರದಷ್ಟು ಇರುತ್ತದೆ.

ನಾನೂ ಹೀಗೆ ಹೋಗಿ ಹೋಗಿಯೇ ಕಲಿತವನು. ಒಂದು ಮಾರ್ಚ್‌ನಲ್ಲಿ ಮನೆಮಂದಿಯನ್ನೆಲ್ಲ ಕರೆದುಕೊಂಡು ಮುತ್ಯಾಲಮಡುವಿಗೆ ಹೋಗಿ, ಅಷ್ಟೂ ಮೆಟ್ಟಿಲು ಇಳಿದು, ಒಣಗಿದ ಬಂಡೆಯ ಮುಂದೆ ನಿಂತು ಚಿತ್ರಾನ್ನ ತಿಂದು ಬಂದಿದ್ದೇನೆ. ಅತ್ತೆ ಈಗಲೂ ಅದನ್ನು "ಕಲ್ಲು ನೋಡೋಕೆ ಹೋಗಿದ್ವಲ್ಲ" ಅಂತಲೇ ನೆನೆಸಿಕೊಳ್ಳುತ್ತಾರೆ. ಅದಾದ ಮೇಲೆ ನಾನು ಮೊದಲು ನೋಡುವುದು ಎರಡೇ ವಿಷಯ. ಮಳೆ ಯಾವತ್ತು ಬಂತು? ನಾವು ಎಷ್ಟು ಹೊತ್ತಿಗೆ ವಾಪಸ್ ಹೊರಡಬೇಕು? ಗಾಡಿ, ತಿಂಡಿ, ಬ್ಯಾಗು ಎಲ್ಲ ಆಮೇಲೆ.

1. ಜಾಗ ಆರಿಸಿ, ಅದರ ನೀರು ಎಲ್ಲಿಂದ ಬರುತ್ತದೆ ನೋಡಿ

ಒಂದು ದಿನದ ಚಾರಣ ಅಂದರೆ ಗಾಡಿಯಲ್ಲಿ ಹೋಗುವುದಕ್ಕೆ ಎರಡೂವರೆ ಗಂಟೆ, ಬರುವುದಕ್ಕೆ ಮೂರು. ಅದಕ್ಕಿಂತ ಜಾಸ್ತಿ ಆದರೆ ನಡೆಯುವುದಕ್ಕೆ ಹೊತ್ತೂ ಉಳಿಯಲ್ಲ, ಕಾಲೂ ಉಳಿಯಲ್ಲ. ಜೋಗ ಸುಮಾರು 400 ಕಿ.ಮೀ. ಇದೆ. ಚಿಕ್ಕಮಗಳೂರಿನ ಹೆಬ್ಬೆಯೂ ಒಂದು ದಿನದ ಕೆಲಸವಲ್ಲ. ಅವನ್ನು ಬಿಟ್ಟುಬಿಡಿ.

ಹತ್ತಿರದಲ್ಲಿ ಉಳಿಯುವವು ಇವು. ಆನೇಕಲ್‌ನಿಂದ ಐದು ಕಿ.ಮೀ. ಆಚೆ ಮುತ್ಯಾಲಮಡು. ಕನಕಪುರದ ಆಚೆ, ಸಂಗಮಕ್ಕೆ ಹೋಗುವ ಕಡೆ ಚುಂಚಿ. ಚಿಕ್ಕಬಳ್ಳಾಪುರದ ಹತ್ತಿರ ಕೇತೇನಹಳ್ಳಿ ಬಳಿಯ ಜರಮಡಗು. ಇನ್ನೊಂದು ಶಿವನಸಮುದ್ರ, ಅಲ್ಲಿನ ಗಗನಚುಕ್ಕಿ ಮತ್ತು ಭರಚುಕ್ಕಿ. ಆದರೆ ಅಲ್ಲಿ ನಡಿಗೆ ಕಡಿಮೆ, ನೋಡುವುದೇ ಜಾಸ್ತಿ.

ಇವೆಲ್ಲ ಜಲಪಾತವೇ ಆದರೂ ಒಂದೊಂದರ ನೀರಿನ ಕತೆ ಒಂದೊಂದು ಥರ. ಶಿವನಸಮುದ್ರದ್ದು ಕಾವೇರಿ ನೀರು. ಕೊಡಗು, ವಯನಾಡಿನಲ್ಲಿ ಮಳೆ ಹೊಡೆದು ಕೆಆರ್‌ಎಸ್, ಕಬಿನಿ ತುಂಬಿ ನೀರು ಬಿಟ್ಟರೆ ಅದು ಭೋರ್ಗರೆಯುತ್ತದೆ. ಹೆಚ್ಚಾಗಿ ಜುಲೈ, ಆಗಸ್ಟ್. ಆಗ ಬೆಂಗಳೂರಿನಲ್ಲಿ ಬರೀ ಜಿಟಿಜಿಟಿ ಇರಬಹುದು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಚುಂಚಿಯದು ಅರ್ಕಾವತಿ. ನಂದಿಬೆಟ್ಟದಲ್ಲಿ ಹುಟ್ಟಿ ಸಂಗಮದಲ್ಲಿ ಕಾವೇರಿ ಸೇರುವ ನದಿ. ನಡುವೆ ನಮ್ಮ ವೃಷಭಾವತಿಯೂ ಇದಕ್ಕೇ ಬಂದು ಸೇರುತ್ತದೆ. ಅಂದರೆ ಕೆಂಗೇರಿ ಕಡೆ ಮೂಗು ಮುಚ್ಚಿಕೊಂಡು ದಾಟುತ್ತೇವಲ್ಲ, ಆ ನೀರಿನದೇ ಒಂದು ಪಾಲು ಅಲ್ಲಿ ಬಂಡೆಯಿಂದ ಧುಮುಕುತ್ತಿರುತ್ತದೆ. ನೋಡೋಕೆ ಚೆನ್ನ. ಬಾಯಿಗೆ ಬೇಡ, ಸ್ನಾನಕ್ಕಂತೂ ಬೇಡವೇ ಬೇಡ.

ಮುತ್ಯಾಲಮಡು, ಜರಮಡಗು ಎರಡೂ ಮಳೆ ಹಳ್ಳಗಳು. ಮೇಲಿನ ಗುಡ್ಡದಲ್ಲಿ ಬಿದ್ದ ಮಳೆಯೇ ಇವಕ್ಕೆ ಬಂಡವಾಳ. ಮಳೆ ನಿಂತು ಕೆಲವು ವಾರ ಆದರೆ ಖಾಲಿ. ಈ ಬರಹದಲ್ಲಿ ಉದಾಹರಣೆಗೆ ಜರಮಡಗು ಹಿಡಿಯುತ್ತೇನೆ. ಊರಿಂದ ಚಿಕ್ಕಬಳ್ಳಾಪುರ 60 ಕಿ.ಮೀ., ರಸ್ತೆ ಸುಲಭ, ಆಮೇಲೆ ಕಲ್ಲುದಾರಿಯಲ್ಲಿ ನಿಜವಾದ ನಡಿಗೆ. ಮೊದಲ ಸಲಕ್ಕೆ ಸರಿಯಾಗಿದೆ.

2. ದಿನ ಆರಿಸಿ. ಇದೇ ಅರ್ಧ ಕೆಲಸ

ನಮ್ಮ ಕಡೆ ಮಳೆ ಜೂನ್‌ನಲ್ಲೇ ಶುರುವಾದರೂ, ಬೆಂಗಳೂರು ಸುತ್ತಮುತ್ತ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹಿರಿಯರ ಲೆಕ್ಕದಲ್ಲಿ ಹೇಳುವುದಾದರೆ ಉತ್ತರೆ, ಹಸ್ತ, ಚಿತ್ತೆ ಮಳೆಗಳು. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೂರನೇ ವಾರದವರೆಗೆ. ಅದರಲ್ಲೂ ಚಿತ್ತೆಯನ್ನು ಕುರುಡು ಚಿತ್ತೆ ಅಂತಾರೆ. ಯಲಹಂಕದಲ್ಲಿ ಸುರಿದು ದೇವನಹಳ್ಳಿಯಲ್ಲಿ ಒಂದು ಹನಿ ಹಾಕದೆ ಹೋಗುತ್ತದೆ. ಹಾಗಾಗಿ ಮನೆ ಹತ್ತಿರ ಮಳೆ ಬಂತು ಅಂದರೆ ಜಲಪಾತದಲ್ಲಿ ನೀರಿದೆ ಅಂತ ಅಂದುಕೊಳ್ಳಬೇಡಿ.

ಬೇಕಾಗಿರುವುದು ಆ ಗುಡ್ಡದ ಮಳೆ. ನಾನು ಮಾಡುವುದು ಹೀಗೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಹೋಬಳಿ ಮಟ್ಟದಲ್ಲಿ ಮಳೆ ಅಳೆಯುತ್ತಾರೆ. ಅವರ ವರುಣಮಿತ್ರ ಸಹಾಯವಾಣಿ ರೈತರಿಗೆ ಅಂತಲೇ ಇರುವುದು, ಆದರೂ ಆ ಕಡೆಯ ಮಳೆ ವಿಷಯ ಗೊತ್ತಾಗುತ್ತದೆ. ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಯನ್ನೂ ಜಿಲ್ಲೆವಾರು ನೋಡಿ. 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಅವರ ಭಾಷೆಯಲ್ಲಿ ಅದು ಭಾರಿ ಮಳೆ. ಅಷ್ಟು ಬಿದ್ದ ಮಾರನೇ ದಿನ ಹಳ್ಳದ ಹತ್ತಿರ ಹೋಗುವುದು ಬೇಡ.

ಹಾಗಾದರೆ ಯಾವತ್ತು? ನನ್ನ ಅನುಭವದಲ್ಲಿ ಒಳ್ಳೆಯ ಮಳೆ ಬಿದ್ದ ಮೂರನೇ ದಿನ. ಮೊದಲ ದಿನ ನೀರು ಕೆಂಪಗೆ, ಹುಚ್ಚು ಹಿಡಿದ ಹಾಗೆ ಇರುತ್ತದೆ. ಎರಡನೇ ದಿನ ಇಳಿಯುತ್ತದೆ, ಆದರೆ ಬಂಡೆಯೆಲ್ಲ ಒದ್ದೆ. ಮೂರನೇ ದಿನ ನೀರು ತಿಳಿ, ಅಕ್ಕಪಕ್ಕದ ಬಂಡೆ ಒಣಗಿ ಕಾಲಿಗೆ ಹಿಡಿತ ಸಿಗುತ್ತದೆ. ಐದಾರು ದಿನ ಕಳೆದರೆ ಸಣ್ಣ ಹಳ್ಳದಲ್ಲಿ ನೂಲಿನಂಥ ಧಾರೆ ಉಳಿದಿರುತ್ತದೆ, ಅಷ್ಟೇ. ಮೂರನೇ ದಿನ ಬುಧವಾರ ಬಂದರೆ ಆಫೀಸಿಗೆ ಏನು ಹೇಳಬೇಕು ಅನ್ನುವುದು ನಿಮಗೆ ಬಿಟ್ಟಿದ್ದು. ವಾರದ ನಡುವೆ ಹೋದರೆ ಜನವೂ ಕಡಿಮೆ.

ಎಲ್ಲಕ್ಕಿಂತ ಗಟ್ಟಿ ಸುದ್ದಿ ಸಿಗುವುದು ಹಳ್ಳಿಯ ಅಂಗಡಿಯಲ್ಲಿ. ಒಮ್ಮೆ ಹೋದಾಗ ಟೀ ಕುಡಿದು ಅವರ ನಂಬರ್ ಕೇಳಿ ಇಟ್ಟುಕೊಳ್ಳಿ. ಮುಂದಿನ ಸಲ ಹೊರಡುವ ಹಿಂದಿನ ಸಂಜೆ ಒಂದು ಫೋನ್.

"ಅಣ್ಣಾ, ಜರಮಡಗುನಲ್ಲಿ ನೀರು ಹೆಂಗೈತೆ?"

"ಐತೆ ಬನ್ನಿ. ಮೊನ್ನೆಯಷ್ಟಿಲ್ಲ. ಬೆಳಿಗ್ಗೆನೇ ಬಂದ್ಬಿಡಿ, ಮಧ್ಯಾಹ್ನದ ಮೇಲೆ ಮೋಡ ಆಗ್ತೈತೆ."

ಇಷ್ಟು ಸಿಕ್ಕರೆ ಯಾವ ಆ್ಯಪ್ ಕೂಡ ಬೇಡ. ಆ ಕಡೆ ತೆಲುಗೂ ಓಡುತ್ತದೆ, ಎರಡು ಮಾತು ಬಂದರೆ ಇನ್ನೂ ಒಳ್ಳೆಯದು.

3. ಬಿಡ್ತಾರಾ ಅಂತ ಕೇಳಿ

2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಒಂದೇ ಸಲ ಸಾವಿರಾರು ಜನ ನುಗ್ಗಿದ ಮೇಲೆ ಅರಣ್ಯ ಇಲಾಖೆ ಚಾರಣದ ನಿಯಮ ಬಿಗಿ ಮಾಡಿತು. ಇಲಾಖೆಯ ಚಾರಣ ಹಾದಿಗಳಿಗೆ ಈಗ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮೊದಲೇ ಬುಕ್ ಮಾಡಬೇಕು. ದಿನಕ್ಕೆ ಇಷ್ಟೇ ಜನ ಅಂತ ಮಿತಿಯೂ ಇದೆ. ನಿಮ್ಮ ಜಾಗ ಆ ಪಟ್ಟಿಯಲ್ಲಿದೆಯಾ ನೋಡಿ. ಪಟ್ಟಿಯಲ್ಲಿಲ್ಲ ಅಂದಮಾತ್ರಕ್ಕೆ ಯಾರೂ ಕೇಳಲ್ಲ ಅಂತಲೂ ಅಲ್ಲ. ಜೋರು ಮಳೆ ಬಂದಾಗ ಜಿಲ್ಲಾಡಳಿತ ಜಲಪಾತಗಳಿಗೆ ಹೋಗುವುದನ್ನೇ ಕೆಲವು ದಿನ ನಿಲ್ಲಿಸುತ್ತದೆ. ಗುರುತಿನ ಚೀಟಿ ಜೊತೆಗಿರಲಿ.

ಬನ್ನೇರುಘಟ್ಟ, ಕನಕಪುರ ಕಡೆಯ ಕಾಡಿನಲ್ಲಿ ಆನೆ ಇದೆ. ಆ ಕಡೆ ರೀಲ್ ನೋಡಿಕೊಂಡು ಕಳ್ಳದಾರಿಯಲ್ಲಿ ನುಗ್ಗುವವರಿಗೆ ನಾನು ಏನೂ ಹೇಳುವುದಿಲ್ಲ, ಆನೆಯೇ ಹೇಳುತ್ತದೆ.

4. ಗಡಿಯಾರವನ್ನು ಹಿಂದಕ್ಕೆ ಓಡಿಸಿ

ಬಹಳ ಜನ ಎಡವುವುದು ಇಲ್ಲೇ. ಎಲ್ಲರೂ ಎಷ್ಟು ಗಂಟೆಗೆ ಹೊರಡೋಣ ಅಂತ ಕೇಳುತ್ತಾರೆ. ಎಷ್ಟು ಗಂಟೆಗೆ ವಾಪಸ್ ಹೊರಡೋಣ ಅಂತ ಕೇಳುವವರು ಕಡಿಮೆ.

ಅಕ್ಟೋಬರ್ ನಡುವೆ ಬೆಂಗಳೂರಿನಲ್ಲಿ ಸೂರ್ಯ ಮುಳುಗುವುದು ಸುಮಾರು 6 ಗಂಟೆಗೆ. ಆದರೆ ನಮ್ಮ ಗಡುವು ಸೂರ್ಯ ಅಲ್ಲ, ಗುಡುಗು. ಈ ತಿಂಗಳುಗಳಲ್ಲಿ ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಸೆಕೆ, ಮೂರರ ಮೇಲೆ ಮೋಡ ಕಟ್ಟಿ ಗುಡುಗು ಸಿಡಿಲು. ಆದ್ದರಿಂದ ಎರಡೂವರೆಗೆ ಗಾಡಿ ಹತ್ತಿರ ಇರಬೇಕು ಅಂತ ಇಟ್ಟುಕೊಳ್ಳಿ. ಅಲ್ಲಿಂದ ಹಿಂದಕ್ಕೆ ಎಣಿಸಿ.

ನಡಿಗೆಗೆ ಒಂದು ಗಂಟೆ ಅಂತ ನಿಮ್ಮ ಗೆಳೆಯ ಹೇಳಿದರೆ ಒಂದೂವರೆ ಅಂತ ಬರೆದುಕೊಳ್ಳಿ. ಸಪಾಟು ರಸ್ತೆಯಲ್ಲಿ ಗಂಟೆಗೆ ನಾಲ್ಕೈದು ಕಿ.ಮೀ. ನಡೆಯುವವರೂ ಕಲ್ಲುದಾರಿಯಲ್ಲಿ ಎರಡು ನಡೆದರೆ ದೊಡ್ಡದು. ಏರಿದ್ದರೆ ಪ್ರತಿ 100 ಮೀಟರ್ ಎತ್ತರಕ್ಕೆ ಇನ್ನು 10 ನಿಮಿಷ ಸೇರಿಸಿ. ಗುಂಪಿನ ವೇಗ ಅಂದರೆ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರ ವೇಗ. ಇಳಿಯುವಾಗ ಬೇಗ ಆಗುತ್ತದೆ ಅಂತ ಸಮಯ ಕಡಿಮೆ ಹಾಕಬೇಡಿ. ಬಂಡೆಯಲ್ಲಿ ಇಳಿಯುವುದೇ ಕಷ್ಟ.

ಲೆಕ್ಕ ಹೀಗೆ ಬರುತ್ತದೆ. ಎರಡೂವರೆಗೆ ಗಾಡಿ. ಒಂದು ಗಂಟೆಗೆ ನೀರಿನ ಹತ್ತಿರದಿಂದ ಎದ್ದು ಹೊರಡುವುದು. ಅಲ್ಲಿ ಎರಡು ಗಂಟೆ ಕಾಲ ಕಳೆಯಬೇಕು ಅಂದರೆ ಹನ್ನೊಂದಕ್ಕೆ ತಲುಪಿರಬೇಕು. ಒಂಬತ್ತೂವರೆಗೆ ನಡಿಗೆ ಶುರು. ದಾರಿಗೆ ಎರಡು ಗಂಟೆ, ತಿಂಡಿಗೆ ಮುಕ್ಕಾಲು ಗಂಟೆ, ಯಾರೋ ಒಬ್ಬರು ತಡವಾಗಿ ಬರುವುದಕ್ಕೆ ಕಾಲು ಗಂಟೆ. ಆರೂವರೆಗೆ ಮನೆ ಬಿಡಬೇಕು. ಆರು ಅಂತ ಎಲ್ಲರಿಗೂ ಹೇಳಿ.

ಒಂದು ಗಂಟೆ ಅನ್ನುವ ಆ ಗಡುವನ್ನು ಗುಂಪಿನಲ್ಲಿ ಮೊದಲೇ ಹೇಳಿ ಒಪ್ಪಿಸಿ. ದಾರಿಯಲ್ಲಿ ಎಲ್ಲೇ ಇದ್ದರೂ, ಜಲಪಾತ ಕಣ್ಣಿಗೆ ಕಾಣುತ್ತಿದ್ದರೂ, ಒಂದಕ್ಕೆ ವಾಪಸ್.

ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ಒಂದು ಅಕ್ಟೋಬರ್‌ನಲ್ಲಿ ನಾವು ಜರಮಡಗು ತಲುಪಿದಾಗ ಒಂದೂವರೆ. ಇಷ್ಟು ದೂರ ಬಂದಿದ್ದೇವಲ್ಲ ಅಂತ ಕೂತೆವು. ಮೂರಕ್ಕೆ ಮೊದಲ ಗುಡುಗು. ಇಪ್ಪತ್ತು ನಿಮಿಷದಲ್ಲಿ ನಾವು ಹತ್ತಿ ಬಂದಿದ್ದ ದಾರಿಯೇ ಕಾಲುವೆಯಾಗಿ ಕೆಂಪು ನೀರು ಹರಿಯುತ್ತಿತ್ತು. ಕಲ್ಲು ಯಾವುದು, ಗುಂಡಿ ಯಾವುದು ಗೊತ್ತಾಗಲಿಲ್ಲ. ನಾನು ಜಾರಿ ಎಡಗೈ ಊರಿದೆ. ಮಣಿಕಟ್ಟು ಊದಿಕೊಂಡು ಮೂರು ವಾರ ಲುಂಗಿ ಕಟ್ಟಿಕೊಳ್ಳುವುದಕ್ಕೂ ಇನ್ನೊಬ್ಬರು ಬೇಕಾಯಿತು. ಅವತ್ತು ತಪ್ಪು ಮಳೆಯದಲ್ಲ, ಒಂದೂವರೆಗೆ ಕೂತ ನಮ್ಮದು.

5. ಹೋಗುವುದು ಹೇಗೆ

ಚಿಕ್ಕಬಳ್ಳಾಪುರಕ್ಕೆ ಮೆಜೆಸ್ಟಿಕ್‌ನಿಂದ ಕೆಎಸ್‌ಆರ್‌ಟಿಸಿ ಬಸ್ಸು ಬೇಕಾದಷ್ಟು. ಆದರೆ ಊರಿಂದ ಆಚೆ ಹಳ್ಳಿ ದಾರಿಗೆ ಆಟೋ ಮಾತಾಡಬೇಕು. ವಾಪಸ್ ಬರುವುದಕ್ಕೂ ಅವರನ್ನೇ ಹೇಳಿಡಿ. ಮುತ್ಯಾಲಮಡುವಿಗೆ ಆನೇಕಲ್‌ವರೆಗೆ ಬಿಎಂಟಿಸಿ ಇದೆ. ಸ್ವಂತ ಗಾಡಿಯಾದರೆ ಬಳ್ಳಾರಿ ರಸ್ತೆಯಲ್ಲಿ ಶನಿವಾರ, ಭಾನುವಾರ ಕತ್ತಲಿರುವಾಗಲೇ ನಂದಿಬೆಟ್ಟದ ಸೂರ್ಯೋದಯಕ್ಕೆ ಹೋಗುವ ಬೈಕುಗಳ ಜಾತ್ರೆ. ಅವರು ಭಾರಿ ವೇಗದಲ್ಲಿರುತ್ತಾರೆ, ನೀವು ಎಡಕ್ಕಿರಿ. ಪೆಟ್ರೋಲ್ ಹಿಂದಿನ ರಾತ್ರಿಯೇ ಹಾಕಿಸಿ.

6. ಚೀಲದಲ್ಲಿ ಏನು, ಕಾಲಲ್ಲಿ ಏನು

ಮೊದಲು ಕಾಲು. ಹೊಸ ಶೂ ತೆಗೆದುಕೊಳ್ಳುವ ಮೊದಲು ಇರುವುದನ್ನು ಪರೀಕ್ಷೆ ಮಾಡಿ. ಮನೆ ಹಿಂದೆ ಒಗೆಯುವ ಕಲ್ಲಿದ್ದರೆ ಅದಕ್ಕೆ ಒಂದು ಚೊಂಬು ನೀರು ಸುರಿಯಿರಿ. ಗೋಡೆ ಹಿಡಿದುಕೊಂಡು ಶೂ ಹಾಕಿದ ಒಂದು ಕಾಲನ್ನು ಅದರ ಇಳಿಜಾರಿನ ಮೇಲಿಟ್ಟು ಭಾರ ಬಿಡಿ. ಕಚ್ಚಿಕೊಂಡು ನಿಂತರೆ ಸರಿ. ಸರ್ರನೆ ಜಾರಿದರೆ ಆ ಶೂ ಮಾಲ್‌ಗೆ ಸರಿ, ಬಂಡೆಗಲ್ಲ. ನಮ್ಮ ಸುತ್ತಲಿನ ಬೆಟ್ಟಗಳೂ ಒಗೆಯುವ ಕಲ್ಲೂ ಹೆಚ್ಚುಕಡಿಮೆ ಒಂದೇ ಜಾತಿಯ ಕಲ್ಲು, ಹಾಗಾಗಿ ಈ ಪರೀಕ್ಷೆ ಸುಳ್ಳು ಹೇಳುವುದಿಲ್ಲ. ಅಡಿ ಸವೆದು ನುಣ್ಣಗಾದ ದುಬಾರಿ ಶೂಗಿಂತ ಗಟ್ಟಿ ಹಲ್ಲಿರುವ ಅಗ್ಗದ ಶೂ ಎಷ್ಟೋ ವಾಸಿ. ಚಪ್ಪಲಿ ಬೇಡ.

ಜೀನ್ಸ್ ಬೇಡ, ಒದ್ದೆಯಾದರೆ ಎರಡು ಕೆಜಿ ಹೊತ್ತ ಹಾಗೆ. ಬೇಗ ಒಣಗುವ ಪ್ಯಾಂಟು, ಟೋಪಿ, ಮಳೆ ಕೋಟು, ಒಂದು ಜೊತೆ ಹೆಚ್ಚುವರಿ ಸಾಕ್ಸ್. ಗಾಡಿಯಲ್ಲಿ ಒಣ ಬಟ್ಟೆ, ಟವೆಲ್ಲು. ಫೋನಿಗೆ ಗಟ್ಟಿ ಪ್ಲಾಸ್ಟಿಕ್ ಚೀಲ. ಟಾರ್ಚು ಬೇರೆಯೇ ಇರಲಿ, ಫೋನಿನ ಟಾರ್ಚ್ ನಂಬಿದರೆ ಫೋನೂ ಹೋಗುತ್ತದೆ ಬೆಳಕೂ ಹೋಗುತ್ತದೆ. ಒಂದು ಸೀಟಿ. ನೀರಿನ ಸದ್ದಿನಲ್ಲಿ ಕೂಗಿದರೆ ಕೇಳಲ್ಲ, ಸೀಟಿ ಕೇಳುತ್ತದೆ. ಬ್ಯಾಂಡೇಜು, ಓಆರ್‌ಎಸ್ ಪೊಟ್ಟಣ, ದಿನಾ ತೆಗೆದುಕೊಳ್ಳುವ ಮಾತ್ರೆ.

ನೀರು ತಲೆಗೆ ಎರಡು ಲೀಟರ್. ಜಲಪಾತಕ್ಕೇ ಹೋಗ್ತಿದೀವಲ್ಲ, ಅಲ್ಲಿ ತುಂಬಿಸಿಕೊಂಡರಾಯ್ತು ಅನ್ನುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಹಳ್ಳದ ಮೇಲುಗಡೆ ದನ ಮೇಯುತ್ತಿರುತ್ತವೆ ಅಂತ ಅವರಿಗೆ ನೆನಪಿಸಿ.

ಊಟಕ್ಕೆ ನನ್ನ ಓಟು ಪುಳಿಯೋಗರೆಗೆ. ಹುಣಸೆ, ಎಣ್ಣೆ ಇರುವುದರಿಂದ ಮಧ್ಯಾಹ್ನದವರೆಗೆ ಕೆಡುವುದಿಲ್ಲ, ಆರಿದಷ್ಟೂ ರುಚಿ. ಚಪಾತಿಗೆ ಚಟ್ನಿಪುಡಿ ಸವರಿ ಸುರುಳಿ ಸುತ್ತಿದರೂ ಆಯಿತು. ಮೊಸರನ್ನ ಸೆಕೆಗೆ ಹುಳಿಯಾಗುತ್ತದೆ. ತೆಂಗಿನಕಾಯಿ ಚಟ್ನಿ ಬೇಡವೇ ಬೇಡ. ದಾರಿಯಲ್ಲಿ ಬಾಯಾಡಿಸಲು ಕಡಲೆಕಾಯಿ ಚಿಕ್ಕಿ, ಬಾಳೆಹಣ್ಣು. ಕೋತಿ ಇರುವ ಕಡೆ ಬಾಳೆಹಣ್ಣು ಹೊರಗೆ ಕಾಣದ ಹಾಗೆ ಇಡಿ. ತಿಂದ ಮೇಲೆ ಖಾಲಿ ಚೀಲಗಳನ್ನು ವಾಪಸ್ ತನ್ನಿ, ಇದನ್ನೂ ಬರೆದು ಹೇಳಬೇಕಾ?

7. ಮನೆಯಲ್ಲಿ ಒಂದು ಚೀಟಿ

ಎಲ್ಲಿಗೆ, ಯಾವ ಹಳ್ಳಿಯ ಕಡೆಯಿಂದ, ಯಾರ್ಯಾರು, ಗಾಡಿ ನಂಬರ್, ಎಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ ಚಿಂತೆ ಮಾಡಬೇಕು. ಇಷ್ಟನ್ನು ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಗುಡ್ಡದ ಸಂದಿನಲ್ಲಿ ನೆಟ್‌ವರ್ಕ್ ಇರುವುದಿಲ್ಲ. ತುರ್ತಿಗೆ 112, ಆಂಬುಲೆನ್ಸ್‌ಗೆ 108. ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ.

8. ಬಂಡೆಯ ಮೇಲೆ ನಡೆಯುವಾಗ

ಬಂಡೆಯ ಬಣ್ಣ ಓದುವುದನ್ನು ಕಲಿಯಿರಿ. ಬೂದಿ ಬಣ್ಣ, ಮುಟ್ಟಿದರೆ ಉಪ್ಪುಕಾಗದದ ಹಾಗೆ ತರಿತರಿ ಇದ್ದರೆ ಧೈರ್ಯವಾಗಿ ಕಾಲಿಡಿ. ಮೇಲಿಂದ ಕೆಳಗೆ ಕಪ್ಪು ಪಟ್ಟೆ ಇಳಿದಿದ್ದರೆ ಅದು ನೀರು ಹರಿಯುವ ದಾರಿ, ಅಲ್ಲಿ ಪಾಚಿ ಇರುತ್ತದೆ. ಒಣಗಿದಾಗ ಏನೂ ಅನ್ನಿಸದ ಆ ಪಟ್ಟೆ ಎರಡು ಹನಿ ಬಿದ್ದರೆ ಸೋಪಿನ ಹಾಗೆ. ಹಸಿರಿಗೆ ಹೆದರುವಷ್ಟೇ ಕಪ್ಪಿಗೂ ಹೆದರಿ.

ಏರುವಾಗ ಸಣ್ಣ ಹೆಜ್ಜೆ. ಇಳಿಯುವಾಗ ಮಂಡಿ ಸ್ವಲ್ಪ ಬಗ್ಗಿಸಿ, ಪೂರ್ತಿ ಪಾದ ಊರಿ, ಅನುಮಾನ ಬಂದರೆ ನಾಚಿಕೆ ಬಿಟ್ಟು ಕೂತು ಜರುಗಿ. ಪ್ಯಾಂಟು ಹರಿದರೆ ಹೊಲಿಸಬಹುದು. ಎಲ್ಲರಿಗಿಂತ ನಿಧಾನದವರನ್ನು ಮುಂದೆ ಬಿಡಿ, ದಾರಿ ಗೊತ್ತಿರುವವರೊಬ್ಬರು ಕೊನೆಯಲ್ಲಿರಲಿ.

ಬಂಡೆಯ ಮುಖದಲ್ಲಿ ಕಪ್ಪಗೆ ಮೊರದ ಹಾಗೆ ನೇತಾಡುತ್ತಿದ್ದರೆ ಅದು ಹೆಜ್ಜೇನು. ಕಲ್ಲೆಸೆಯುವುದು, ಹೊಗೆ, ಜೋರು ಗದ್ದಲ ಯಾವುದೂ ಬೇಡ. ಸದ್ದಿಲ್ಲದೆ ದೂರ ಸರಿಯಿರಿ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡ. ಆ ಕೈ ಅಥವಾ ಕಾಲನ್ನು ಅಲ್ಲಾಡಿಸದೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ.

9. ನೀರಿನ ಹತ್ತಿರ

ತಲುಪಿದ ತಕ್ಷಣ ನಾನು ಮಾಡುವ ಮೊದಲ ಕೆಲಸ, ನೀರಿನ ಅಂಚಿನಲ್ಲಿ ಒಂದು ಕಲ್ಲು ಇಡುವುದು. ಹಿಡಿಯಷ್ಟು ಗಾತ್ರದ್ದು, ನೀರು ಅದರ ಬುಡವನ್ನು ಮುಟ್ಟೀ ಮುಟ್ಟದ ಹಾಗೆ. ಕಾಲು ಗಂಟೆಗೊಮ್ಮೆ ನೋಡುತ್ತೇನೆ. ಬುಡ ಒದ್ದೆಯಾಗಿ ಅರ್ಧ ಕಲ್ಲು ಮುಳುಗಿದರೆ ಮೇಲುಗಡೆ ಎಲ್ಲೋ ಮಳೆ ಬರುತ್ತಿದೆ ಅಂತ ಅರ್ಥ. ನಮ್ಮ ತಲೆ ಮೇಲೆ ಬಿಸಿಲಿದ್ದರೂ ಸರಿ, ಎದ್ದುಬಿಡುತ್ತೇವೆ. ತಿಳಿ ನೀರು ಇದ್ದಕ್ಕಿದ್ದ ಹಾಗೆ ಚಹಾ ಬಣ್ಣಕ್ಕೆ ತಿರುಗುವುದು, ಎಲೆ, ಕಡ್ಡಿ, ನೊರೆ ತೇಲಿ ಬರುವುದು, ಸದ್ದು ದಪ್ಪವಾಗುವುದು, ಇವೂ ಅದೇ ಸುದ್ದಿ. ಮೊದಲು ದಡ ಹತ್ತಿ, ಬ್ಯಾಗು ಆಮೇಲೆ. ಮತ್ತೆ, ಕೂರುವಾಗಲೇ ವಾಪಸ್ ಹೋಗುವ ದಡದಲ್ಲಿ ಕೂತಿರಿ. ಹಳ್ಳ ದಾಟಿ ಆಚೆ ಕೂತರೆ ನೀರು ಏರಿದಾಗ ಆಚೆಯೇ.

ಧಾರೆಯ ಕೆಳಗೆ ನೇರ ನಿಲ್ಲಬೇಡಿ, ನೀರಿನ ಜೊತೆ ಕಲ್ಲೂ ಬರುತ್ತದೆ. ಜಲಪಾತದ ತುದಿಗೆ ಹೋಗಿ ಬಗ್ಗಿ ನೋಡುವುದು, ಅಲ್ಲಿ ಬೆನ್ನು ತಿರುಗಿಸಿ ಸೆಲ್ಫಿ ತೆಗೆಯುವುದು ಬೇಡ. ಮೊಣಕಾಲು ಮಟ್ಟದ ನೀರು ಹರಿಯುತ್ತಿದ್ದರೆ ಆಳು ಗಟ್ಟಿಯಾಗಿದ್ದರೂ ಬೀಳಿಸುತ್ತದೆ.

ಇನ್ನು ಈಜು. ಮಡು ಅಂದರೇ ಆಳ ನೀರು. ಮುತ್ಯಾಲಮಡು, ಜರಮಡಗು, ಆ ಊರಿನವರು ಹೆಸರಲ್ಲೇ ಎಚ್ಚರಿಕೆ ಇಟ್ಟಿದ್ದಾರೆ. ಮೇಲೆ ಸುಮ್ಮನೆ ಮಲಗಿದಂತಿರುವ ನೀರಿನ ಕೆಳಗೆ ಬಂಡೆ ಕೊರೆದ ಪೊಟರೆ ಇರುತ್ತದೆ, ಕಾಲು ಸಿಕ್ಕಿದರೆ ಬಿಡಿಸಿಕೊಳ್ಳುವುದು ಕಷ್ಟ. ಈಜುಕೊಳದಲ್ಲಿ ಕಲಿತ ಈಜು ಇಲ್ಲಿ ಲೆಕ್ಕಕ್ಕಿಲ್ಲ. ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತರೂ ಸಿಗುವ ತಂಪು ಅದೇ ತಂಪು. ಯಾರಾದರೂ ಬಿದ್ದರೆ ಹಿಂದೆಯೇ ಧುಮುಕಬೇಡಿ. ಹಗ್ಗ, ಕೋಲು, ಗಂಟು ಹಾಕಿದ ದುಪಟ್ಟಾ, ಕೈಗೆ ಸಿಕ್ಕಿದ್ದನ್ನು ಎಸೆಯಿರಿ.

ಗುಡುಗು ಕೇಳಿದರೆ ಒಂಟಿ ಮರ, ಬೋಳು ಬಂಡೆ ಎರಡನ್ನೂ ಬಿಟ್ಟು ಕೆಳಗಿಳಿಯಿರಿ. ಸಿಡಿಲಿಗೆ ದಾಮಿನಿ ಅಂತ ಒಂದು ಆ್ಯಪ್ ಇದೆ, ಪುಣೆಯ ಹವಾಮಾನ ಸಂಸ್ಥೆಯದ್ದು. ಹತ್ತಲು ಶುರು ಮಾಡುವ ಮೊದಲು, ನೆಟ್‌ವರ್ಕ್ ಇರುವಲ್ಲೇ ಒಮ್ಮೆ ನೋಡಿಕೊಳ್ಳಿ.

10. ವಾಪಸ್ ಬಂದ ಮೇಲೆ

ಗಾಡಿ ಹತ್ತಿರ ತಲೆ ಎಣಿಸಿ. ಒಣ ಬಟ್ಟೆ ಹಾಕಿಕೊಂಡು ಮನೆಗೆ ಫೋನ್ ಮಾಡಿ. ಗಾಡಿ ಓಡಿಸುವವರಿಗೆ ಕಣ್ಣು ಎಳೆಯುತ್ತಿದ್ದರೆ ಚಿಕ್ಕಬಳ್ಳಾಪುರದಲ್ಲೇ ಒಂದು ಟೀ, ಅರ್ಧ ಗಂಟೆ ವಿಶ್ರಾಂತಿ. ಹೆಬ್ಬಾಳದ ಟ್ರಾಫಿಕ್ ಎಲ್ಲಿಗೂ ಹೋಗುವುದಿಲ್ಲ, ಕಾಯುತ್ತಿರುತ್ತದೆ.

ರಾತ್ರಿ ಮಲಗುವ ಮೊದಲು ಡೈರಿಯಲ್ಲಿ ನಾಲ್ಕು ಸಾಲು ಬರೆಯಿರಿ. ಮುಂದಿನ ವರ್ಷ ದಿನ ಆರಿಸುವಾಗ ಇದರಷ್ಟು ನಂಬುವಂಥದ್ದು ಬೇರೆ ಸಿಗುವುದಿಲ್ಲ. ನನ್ನದರಲ್ಲಿ ಹೋದ ಸಲದ್ದು ಹೀಗಿದೆ: "ಹಸ್ತದ ಮಳೆ ಬಿದ್ದ ಮೂರನೇ ದಿನ, ಗುರುವಾರ. ನೀರು ತಿಳಿ, ಬಂಡೆ ಒಣಗಿದೆ. ಏರಲು 1 ಗಂಟೆ 20 ನಿಮಿಷ, ಇಳಿಯಲು 1 ಗಂಟೆ 25. 12.40ಕ್ಕೆ ಕಲ್ಲು ಒದ್ದೆಯಾಯಿತು, ಎದ್ದೆವು. 3.10ಕ್ಕೆ ದೇವನಹಳ್ಳಿಯಲ್ಲಿ ಮಳೆ. ಪುಳಿಯೋಗರೆ ಸಾಲಲಿಲ್ಲ."